ಹಿಮಕ್ಕೆ ನೂರು ಪದ ಅಂತ ವಾದಿಸಿ ಸೋತಿದ್ದು

ಕೆಲವು ವರ್ಷಗಳ ಹಿಂದೆ ಒಬ್ಬ ಗೆಳೆಯನ ಜೊತೆ ರಾತ್ರಿ ಹನ್ನೆರಡು ದಾಟುವವರೆಗೆ ವಾದ ಮಾಡಿದ್ದೆ. ನಾವಾಡುವ ಭಾಷೆ ನಮ್ಮ ಯೋಚನೆಯನ್ನು ರೂಪಿಸುತ್ತದೋ ಇಲ್ಲವೋ ಅನ್ನುವುದೇ ವಿಷಯ. ರೂಪಿಸುತ್ತದೆ ಅನ್ನುವ ಕಡೆ ನಾನು. ನನ್ನ ಕೈಯಲ್ಲಿದ್ದ ಬ್ರಹ್ಮಾಸ್ತ್ರವನ್ನು ನೀವೂ ಕೇಳಿರುತ್ತೀರಿ: "ಎಸ್ಕಿಮೊಗಳ ಭಾಷೆಯಲ್ಲಿ ಹಿಮಕ್ಕೆ ನೂರು ಪದಗಳಿವೆ." ಅವನು ದನಿ ಏರಿಸಲಿಲ್ಲ. ಮೂರೇ ಪ್ರಶ್ನೆ ಕೇಳಿದ. "ಯಾವ ಭಾಷೆ? ಎಣಿಸಿದವರು ಯಾರು? ಒಂದು ಪದ ಅಂದ್ರೆ ಎಷ್ಟು?" ಮೂರಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಗಟ್ಟಿಯಾಗಿ ಮಾತಾಡಿದೆ, ಅಷ್ಟೇ.

ಆಮೇಲೆ ಹುಡುಕಿ ಓದಿದೆ. ಸೋತವರಿಗೆ ಓದುವ ಹುರುಪು ಜಾಸ್ತಿ, ನೋಡಿ. ಈ ಕಥೆಯ ಬೇರು 1911ರಲ್ಲಿದೆ. ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಆಗ ಕೊಟ್ಟಿದ್ದು ನಾಲ್ಕೇ ನಾಲ್ಕು ಪದ: ನೆಲದ ಮೇಲಿರುವ ಹಿಮ, ಬೀಳುತ್ತಿರುವ ಹಿಮ, ಗಾಳಿಗೆ ತೂರಿಹೋಗುವ ಹಿಮ, ದಿಬ್ಬವಾಗಿ ಕೂತ ಹಿಮ. ಒಂದೊಂದು ಭಾಷೆ ಲೋಕವನ್ನು ಒಂದೊಂದು ಥರ ಹೋಳು ಮಾಡುತ್ತದೆ ಅನ್ನುವ ಸಣ್ಣ ಮಾತಿಗೆ ಅದು ಉದಾಹರಣೆ. 1940ರಲ್ಲಿ, ಭಾಷೆಗಳ ಅಧ್ಯಯನ ಮಾಡುತ್ತಿದ್ದ ಬೆಂಜಮಿನ್ ಲೀ ವೋರ್ಫ್ ಅದನ್ನು ಒಂದಿಷ್ಟು ಹಿಗ್ಗಿಸಿದರು (ಇವರ ಹೊಟ್ಟೆಪಾಡಿನ ಕೆಲಸ ವಿಮಾ ಕಂಪನಿಯಲ್ಲಿ ಬೆಂಕಿ ಅನಾಹುತ ತಪ್ಪಿಸುವುದು). ಅಲ್ಲಿಂದ ಬಾಯಿಂದ ಬಾಯಿಗೆ ಐವತ್ತಾಯಿತು, ನೂರಾಯಿತು. 1986ರಲ್ಲಿ ಮಾನವಶಾಸ್ತ್ರಜ್ಞೆ ಲಾರಾ ಮಾರ್ಟಿನ್ ಈ ಇಡೀ ಬೆಳವಣಿಗೆಯ ಜಾಡು ಹಿಡಿದು ಬರೆದರು. ನಾನು ಮಾತ್ರ ಅದಾಗಿ ಎಷ್ಟೋ ವರ್ಷಗಳ ಮೇಲೂ ಅದೇ ನೂರನ್ನು ಹಿಡಿದುಕೊಂಡು ಕೂತಿದ್ದೆ.

ಗೆಳೆಯನ ಮೂರನೇ ಪ್ರಶ್ನೆಯೇ ನಿಜವಾಗಿ ನನ್ನನ್ನು ಕೆಡವಿದ್ದು. ಎಸ್ಕಿಮೊಗಳ ಆ ಭಾಷೆಗಳಲ್ಲಿ ಒಂದು ಧಾತುವಿಗೆ ಪ್ರತ್ಯಯದ ಮೇಲೆ ಪ್ರತ್ಯಯ ಅಂಟಿಸುತ್ತಾ ಹೋಗಬಹುದು. ನಮಗೆ ಇದು ಹೊಸದೇನಲ್ಲ. "ಬರೆ" ತಗೊಳ್ಳಿ. ಬರೆದವಳು, ಬರೆಯದವನಿಗೂ, ಬರೆಸುತ್ತಿದ್ದರಂತೆ, ಬರೆದುಬಿಟ್ಟಿದ್ದಾಳಲ್ಲ. ಇವನ್ನೆಲ್ಲ ಒಂದೊಂದಾಗಿ ಎಣಿಸಿ "ಕನ್ನಡದಲ್ಲಿ ಬರೆಯುವುದಕ್ಕೆ ಸಾವಿರ ಪದ ಇವೆ" ಅಂತ ಯಾರಾದರೂ ಹೇಳಿದರೆ ನಾವು ನಗುತ್ತೇವೆ, ಅಲ್ವಾ? ಬೇರೆಯವರ ಭಾಷೆ ಅಂದಾಗ ಮಾತ್ರ ನಂಬಿಬಿಡುತ್ತೇವೆ.

ಹಾಗಂತ ನಾನು ಪಕ್ಷ ಬದಲಿಸಲಿಲ್ಲ. ಯಾಕಂದ್ರೆ ಒಳ್ಳೆಯ ಪುರಾವೆ ಬೇರೆ ಕಡೆ ಇತ್ತು. ರಷ್ಯನ್ ಭಾಷೆಯಲ್ಲಿ ಕಡುನೀಲಿಗೆ "ಸೀನಿ", ತಿಳಿನೀಲಿಗೆ "ಗೊಲುಬೊಯ್". ಎರಡನ್ನೂ ಸೇರಿಸಿ ಕರೆಯುವ "ನೀಲಿ" ಥರದ ಒಂದು ಸಾಮಾನ್ಯ ಪದ ಅಲ್ಲಿಲ್ಲ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜನರಿಗೆ ನೀಲಿಯ ಮೂರು ಚೌಕ ತೋರಿಸಿ, ಕೆಳಗಿನ ಎರಡರಲ್ಲಿ ಮೇಲಿನದರ ಬಣ್ಣವೇ ಇರುವುದು ಯಾವುದು ಅಂತ ಕೇಳಿದರು. ಆ ಎರಡು ಬಣ್ಣ ಸೀನಿ, ಗೊಲುಬೊಯ್‌ಗಳ ಗಡಿಯ ಆಚೀಚೆ ಇದ್ದಾಗ ರಷ್ಯನ್ನರು ಬೇಗ ಗುರುತಿಸಿದರು. ಇಂಗ್ಲಿಷ್ ಮಾತಾಡುವವರಲ್ಲಿ ಆ ಲಾಭ ಕಾಣಲಿಲ್ಲ. ಇನ್ನೂ ಚೆಂದದ್ದು ಮುಂದಿದೆ. ಜೊತೆಜೊತೆಗೆ ಒಂದಷ್ಟು ಅಂಕಿಗಳನ್ನು ಮನಸ್ಸಿನಲ್ಲಿ ಜಪಿಸುತ್ತಿರಿ ಅಂದಾಗ ರಷ್ಯನ್ನರ ಆ ಲಾಭವೂ ಮಾಯ! ಅಂದರೆ ಒಳಗಿನ ಮಾತಿಗೆ ಬೇರೆ ಕೆಲಸ ಕೊಟ್ಟರೆ ಭಾಷೆಯ ಪ್ರಭಾವವೂ ಹೋಗುತ್ತದೆ. ಆ ರಾತ್ರಿ ಇದನ್ನು ಹೇಳಿದ್ದರೆ ಗೆಳೆಯ ಸ್ವಲ್ಪವಾದರೂ ಬೆವರುತ್ತಿದ್ದ.

ಭಾಷೆಯ ಬಗ್ಗೆ ನಾವು ಮಾಡುವ ಹೆಚ್ಚಿನ ವಾದಗಳಿಗೆ ಎರಡು ಅಳತೆ ಇರುತ್ತದೆ. "ಭಾಷೆ ಯೋಚನೆಯನ್ನು ಕಟ್ಟಿಹಾಕುತ್ತದೆ" ಅನ್ನುವುದು ದೊಡ್ಡ ಅಳತೆಯದು. "ಕೆಲವು ಕೆಲಸಗಳಲ್ಲಿ ಭಾಷೆ ನಮ್ಮನ್ನು ಸ್ವಲ್ಪ ಒಂದು ಕಡೆ ತಳ್ಳುತ್ತದೆ" ಅನ್ನುವುದು ಸಣ್ಣದು. ನಾವು ದೊಡ್ಡದನ್ನು ಸಾರುತ್ತೇವೆ, ಯಾರಾದರೂ ಹಿಡಿದುಕೊಂಡರೆ ಸಣ್ಣದರ ಹಿಂದೆ ಅಡಗುತ್ತೇವೆ, ಅವರು ಎದ್ದು ಹೋದ ಮೇಲೆ ಮತ್ತೆ ದೊಡ್ಡದನ್ನೇ ಸಾರುತ್ತೇವೆ. ನಾನೂ ಮಾಡಿದ್ದೇನೆ. ನನ್ನ ಪ್ರಕಾರ ಎದುರಿನವರನ್ನು ಒಪ್ಪಿಸಬೇಕಾದರೆ ನಮ್ಮ ವಾದವನ್ನು ಅವರು ಕತ್ತರಿಸುವ ಮೊದಲು ನಾವೇ ಕತ್ತರಿಸಿಕೊಳ್ಳಬೇಕು.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 2002ರಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಮತ್ತು ಇನ್ನಿಬ್ಬರು ಒಂದು ಪ್ರಬಂಧ ಬರೆದರು. ಮನುಷ್ಯನ ಭಾಷೆಗಷ್ಟೇ ಸೇರಿದ್ದು ಅಂತ ಏನಾದರೂ ಇದ್ದರೆ ಅದು ವಾಕ್ಯದೊಳಗೆ ವಾಕ್ಯ ಹುದುಗಿಸುವಂಥ ಶಕ್ತಿ ಇರಬಹುದು ಅಂದರು. "ಅವನು ಬಂದ ಅಂತ ಅವಳು ಹೇಳಿದಳು ಅಂತ ನಾನು ಕೇಳಿದೆ", ಈ ಥರ. 2005ರಲ್ಲಿ ಇನ್ನೊಬ್ಬ ಭಾಷಾವಿಜ್ಞಾನಿ ಡೇನಿಯಲ್ ಎವರೆಟ್, ಅಮೆಜಾನ್ ಕಾಡಿನ ಪಿರಹಾ ಭಾಷೆಯಲ್ಲಿ ಇದು ಇಲ್ಲವೇ ಇಲ್ಲ ಅಂದರು. ಶುರುವಾಯಿತು ಯುದ್ಧ. 2009ರಲ್ಲಿ ಮೂವರು ಭಾಷಾವಿಜ್ಞಾನಿಗಳು ಎವರೆಟ್ ಅವರೇ ಹಿಂದೆ ಪಿರಹಾ ಬಗ್ಗೆ ಬರೆದಿದ್ದನ್ನು ತೆಗೆದು, ಅವರ ವಿರುದ್ಧವೇ ಇಟ್ಟರು. ನನಗೆ ತುಂಬಾ ಹಿಡಿಸಿದ ಉತ್ತರ ಇದು. ಎದುರಾಳಿಯ ವಾಕ್ಯಗಳನ್ನೇ ಕೂತು ಬಿಡಿಸಿದ್ದಾರೆ.

ಚಾಮ್‌ಸ್ಕಿ ಪರದವರು ಎವರೆಟ್‌ಗೆ ಕೊಡುವ ಇನ್ನೊಂದು ಉತ್ತರ ನನಗೆ ಅಷ್ಟು ಹಿಡಿಸಲಿಲ್ಲ. "ಅದು ಮನುಷ್ಯನಲ್ಲಿರುವ ಶಕ್ತಿಯ ಮಾತು, ಒಂದು ಭಾಷೆ ಅದನ್ನು ಬಳಸದಿದ್ದರೂ ಸಿದ್ಧಾಂತಕ್ಕೆ ಏನೂ ಆಗುವುದಿಲ್ಲ" ಅನ್ನುತ್ತಾರೆ. ತಪ್ಪು ಅಂತ ಹೇಳಲಾರೆ. ಆದರೆ ಯಾವ ಭಾಷೆ ಸಿಕ್ಕರೂ ಈ ಸಿದ್ಧಾಂತ ಬೀಳುವುದಿಲ್ಲ ಅನ್ನುವುದಾದರೆ, ಎಲ್ಲ ಭಾಷೆಗಳೂ ಇದಕ್ಕೆ ಸಾಕ್ಷಿ ಅಂತ ಹೇಳುವುದನ್ನೂ ಬಿಡಬೇಕಾಗುತ್ತದೆ. ಎರಡೂ ಕೈಯಲ್ಲಿ ಲಾಡು ಬೇಕು ಅಂದ್ರೆ ಹೇಗೆ?

ಇನ್ನು "ಯಾವ ಭಾಷೆ ಅತಿ ಹಳೆಯದು" ಅನ್ನುವ ಜಗಳ. ಯಾವುದರ ಬರಹ ಮೊದಲು ಸಿಕ್ಕಿತು ಅಂತ ಕೇಳಿದರೆ ಉತ್ತರ ಇದೆ. ಅದು ಬಿಟ್ಟರೆ, ಇವತ್ತು ಆಡುವ ಮಾತೆಲ್ಲ ಹಿಂದಿನವರ ಮಾತಿನಿಂದಲೇ ಇಳಿದು ಬಂದಿದ್ದು. ಪ್ಯಾರಿಸ್ಸಿನ ಭಾಷಾವಿಜ್ಞಾನ ಸಂಘ 1866ರಲ್ಲಿ ಭಾಷೆಯ ಹುಟ್ಟಿನ ಬಗ್ಗೆ ಯಾವ ಪ್ರಬಂಧವನ್ನೂ ತೆಗೆದುಕೊಳ್ಳುವುದಿಲ್ಲ ಅಂತ ನಿಯಮವನ್ನೇ ಮಾಡಿತ್ತು. ಪಾಪ, ಎಷ್ಟು ಸುಸ್ತಾಗಿದ್ದರೋ. ಭಾಷೆಯೋ ಉಪಭಾಷೆಯೋ ಅನ್ನುವುದೂ ಇದೇ ಜಾತಿಯ ಜಗಳ. ಸರ್ಬಿಯನ್, ಕ್ರೊಯೇಷಿಯನ್ ಆಡುವವರಿಗೆ ಪರಸ್ಪರ ಚೆನ್ನಾಗಿ ಅರ್ಥವಾಗುತ್ತದೆ, ಆದರೂ ಎರಡು ಭಾಷೆ. ಮ್ಯಾಂಡರಿನ್, ಕ್ಯಾಂಟನೀಸ್ ಆಡುವವರಿಗೆ ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಆದರೂ ಅವನ್ನು ಚೀನೀ ಭಾಷೆಯ ಉಪಭಾಷೆಗಳು ಅನ್ನುವವರಿದ್ದಾರೆ. ಅಳತೆಗೋಲು ಯಾವುದು ಅಂತ ಮೊದಲೇ ಕೇಳಿಬಿಟ್ಟರೆ ಅರ್ಧ ಜಗಳ ಶುರುವೇ ಆಗುವುದಿಲ್ಲ.

ಮೊನ್ನೆ ಅದೇ ಗೆಳೆಯ ಸಿಕ್ಕಿದ್ದ. ಹಿಮದ ತಂಟೆಗೆ ಹೋಗದೆ ರಷ್ಯನ್ನರ ನೀಲಿ ಬಣ್ಣದ ಕಥೆ ಹೇಳಿದೆ, ಅದರ ಮಿತಿಯನ್ನೂ ನಾನೇ ಹೇಳಿದೆ. "ಇಷ್ಟೇನಾ? ಇಷ್ಟನ್ನು ನಾನೂ ಒಪ್ತೀನಿ" ಅಂದ. ಐದೇ ನಿಮಿಷಕ್ಕೆ ವಾದ ಮುಗಿಯಿತು. ಇಬ್ಬರಿಗೂ ಸಪ್ಪೆ ಅನಿಸಿತು. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು ಅವನೇ ಮತ್ತೆ ಎಳೆದ: "ನಿಕರಾಗುವಾದಲ್ಲಿ ಕಿವಿ ಕೇಳದ ಮಕ್ಕಳನ್ನು ಎಪ್ಪತ್ತರ ದಶಕದ ಕೊನೆಯಲ್ಲಿ ಒಂದೇ ಶಾಲೆಗೆ ಸೇರಿಸಿದ ಮೇಲೆ ಅವರೇ ಹೊಸ ಸಂಜ್ಞೆ ಭಾಷೆ ಕಟ್ಟಿಕೊಂಡರಲ್ಲ, ಅದನ್ನು ಕಟ್ಟಿದ್ದು ಮಕ್ಕಳ ಮಿದುಳೋ, ಮಕ್ಕಳ ಗುಂಪೋ?"

ನಾನು ಗುಂಪು ಅಂದೆ. ಮತ್ತೆ ಹನ್ನೆರಡು ದಾಟಿತು.