ಆಫೀಸಿಗೆ ಹೋಗುವವರ ಕೈಗೆ ಪಾರ್ಸೆಲ್ ಕೊಡಬಹುದೇ?

ದಿನವೂ ಆಫೀಸಿಗೆ ಓಡಾಡುವವರು ದಾರಿಯಲ್ಲೇ ಬೇರೆಯವರ ಪಾರ್ಸೆಲ್ ತಲುಪಿಸಿ ಒಂದಿಷ್ಟು ದುಡ್ಡು ಪಡೆಯುವ ಹಾಗೆ ಒಂದು ಆ್ಯಪ್ ಇದ್ದರೆ ಹೇಗೆ ಅನ್ನೋದು ಪ್ರಶ್ನೆ.

ಪರ: ಹೇಗಿದ್ರೂ ಆ ಕಡೆ ಹೋಗ್ತೀವಲ್ಲ

ಬೆಂಗಳೂರಿನ ನೇರಳೆ ಮಾರ್ಗದ ಮೆಟ್ರೊ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ದಿನವೂ ಲಕ್ಷಾಂತರ ಜನರನ್ನು ಹೊತ್ತು ಓಡುತ್ತೆ. ಬೆಳಗ್ಗೆ ಹತ್ತುವ ಹೆಚ್ಚಿನವರ ಬ್ಯಾಗಿನಲ್ಲಿ ಒಂದು ಲ್ಯಾಪ್‌ಟಾಪು, ಒಂದು ಊಟದ ಡಬ್ಬಿ. ಇನ್ನೊಂದು ಸಣ್ಣ ಪೊಟ್ಟಣಕ್ಕೆ ಜಾಗ ಇದ್ದೇ ಇರುತ್ತೆ. ಅದೇ ಹೊತ್ತಿಗೆ ಕೆಳಗಿನ ರಸ್ತೆಯಲ್ಲಿ ಅಂಥದೇ ಪೊಟ್ಟಣ ಇಟ್ಟುಕೊಂಡ ಡೆಲಿವರಿ ಹುಡುಗ ಸಿಗ್ನಲ್‌ನಲ್ಲಿ ಗಾಡಿಗಳ ಹೊಗೆ ಕುಡಿಯುತ್ತಾ ನಿಂತಿರುತ್ತಾನೆ. ಒಂದೇ ದಾರಿಗೆ ಎರಡೆರಡು ಓಡಾಟ ಯಾಕೆ?

ಇದೇನು ನಮಗೆ ಹೊಸದಲ್ಲ. ಶಿರಸಿಯಲ್ಲಿ ರಾತ್ರಿ ಬಸ್ಸಿನ ಡ್ರೈವರ್ ಕೈಗೆ ಹಲಸಿನ ಹಪ್ಪಳದ ಡಬ್ಬ ಕೊಟ್ಟು, "ಮೆಜೆಸ್ಟಿಕ್‌ನಲ್ಲಿ ನಮ್ ಹುಡುಗ ಬಂದು ಇಸ್ಕೋತಾನೆ" ಅಂದು, ಆಮೇಲೆ ಮಗನಿಗೆ ಫೋನ್ ಮಾಡಿ ಬಸ್ ನಂಬರ್ ಹೇಳುವವರು ಎಷ್ಟು ಜನ ಇಲ್ಲ! ಆ್ಯಪ್ ಮಾಡೋದೂ ಅಷ್ಟನ್ನೇ. ಸ್ಟಾಕ್‌ಹೋಮಿನಲ್ಲಿ ಕೊರಿಯರ್ ಕಂಪನಿ ಡಿಎಚ್‌ಎಲ್ 2013ರಲ್ಲೇ 'ಮೈವೇಸ್' ಅಂತ ಇದನ್ನು ಮಾಡಿ ನೋಡಿತ್ತು.

2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿಗೆ ಏರಿತು. ಏರಿದ ಆ ಮೂವತ್ತು ಒಂದು ಪೊಟ್ಟಣದಿಂದ ವಾಪಸ್ ಬರುವ ಹಾಗಿದ್ದರೆ ಬೇಡ ಅನ್ನುವವರು ಕಮ್ಮಿ. ನಿಲ್ದಾಣಗಳಲ್ಲಿ ಲಾಕರ್ ಇಟ್ಟರೆ ಇನ್ನೂ ಸುಲಭ. ಹತ್ತುವಾಗ ಎತ್ತಿಕೊಳ್ಳೋದು, ಇಳಿದಲ್ಲಿ ಹಾಕಿ ಹೋಗೋದು.

ವಿರೋಧ: ಗೇಟಿನ ಹತ್ತಿರ ನಿಂತು ನೋಡಿ

ಲಾಕರಿನವರೆಗೆ ಸರಿ. ಆದರೆ ತರಿಸಿಕೊಂಡವರಿಗೆ ಪಾರ್ಸೆಲ್ ಮನೆ ಬಾಗಿಲಿಗೇ ಬರಬೇಕು, ಅಲ್ವಾ? ಸುಸ್ತು ಮಾಡೋದೇ ಆ ಕೊನೆಯ ಒಂದು ಕಿಲೋಮೀಟರು. ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯೂರಿಟಿ ತಡೆಯುತ್ತಾರೆ. ರಿಜಿಸ್ಟರಿನಲ್ಲಿ ಹೆಸರು, ಫೋನ್ ನಂಬರ್ ಬರೆಸುತ್ತಾರೆ. ಇಂಟರ್‌ಕಾಮ್ ಹೊಡೆದುಕೊಳ್ಳುತ್ತಲೇ ಇರುತ್ತೆ, ಮನೆಯವರು ಎತ್ತೋದಿಲ್ಲ. ಕೆಲವು ಕಡೆ ಸರ್ವಿಸ್ ಲಿಫ್ಟಿನ ಕಡೆ ಕೈ ತೋರಿಸುತ್ತಾರೆ. ಒಟಿಪಿ ಸಿಗುವ ಹೊತ್ತಿಗೆ ಅತ್ತ ಆಫೀಸಿನಲ್ಲಿ ಮೀಟಿಂಗ್ ಶುರುವಾಗಿರುತ್ತೆ. "ಹೇಗಿದ್ರೂ ಹೋಗ್ತೀವಲ್ಲ" ಅಂದವರ ಉತ್ಸಾಹ ಎರಡು ವಾರ ಉಳಿದರೆ ಜಾಸ್ತಿ.

ಡ್ರೈವರ್‌ಗೆ ಡಬ್ಬ ಕೊಟ್ಟವರ ಮುಖವಾದರೂ ಗೊತ್ತಿತ್ತು. ಇಲ್ಲಿ ಸೀಲ್ ಆದ ಪೆಟ್ಟಿಗೆ. ಮೆಟ್ರೊ ಸ್ಕ್ಯಾನರಿನ ಹತ್ತಿರ ನಿಲ್ಲಿಸಿ ಒಳಗೇನಿದೆ ಅಂದರೆ ಏನು ಹೇಳೋದು?

ಸ್ವಂತ ಬೈಕಿನವರದು ಬೇರೆ ತಲೆನೋವು. ಸ್ವಂತ ಬಳಕೆಯ ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವುದೇ ತಕರಾರಿನ ವಿಷಯ. ಅಪಘಾತವಾದರೆ ಇನ್ಶೂರೆನ್ಸ್‌ನವರು ಕೈ ಎತ್ತಬಹುದು.

ಇವೆಲ್ಲಕ್ಕಿಂತ ನನಗೆ ಕಾಡುವುದು ಇದನ್ನೇ ಹೊಟ್ಟೆಪಾಡಾಗಿ ಮಾಡುವವರ ಗತಿ. ಹೀಗೆ ಆ್ಯಪ್ ಕಂಪನಿಗಳಿಗೆ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ ಕಾನೂನು ಮಾಡಿದ್ದೇ 2025ರಲ್ಲಿ. ಅಷ್ಟರಲ್ಲೇ ಸಂಬಳ ಇರುವವರು ಇಪ್ಪತ್ತು ರೂಪಾಯಿಗೆ ಹೂಂ ಅಂದುಬಿಟ್ಟರೆ, ನಲವತ್ತು ಕೇಳುವ ಹುಡುಗನಿಗೆ ಕಂಪನಿ ಏನು ಹೇಳುತ್ತೆ? ಹಗುರದ್ದು, ಹತ್ತಿರದ್ದು ಎಲ್ಲ ಆಫೀಸಿನವರ ಪಾಲು. ಅಕ್ಕಿ ಮೂಟೆ, ಲಿಫ್ಟ್ ಇಲ್ಲದ ನಾಲ್ಕನೇ ಮಹಡಿ, ಮಳೆ ಬರುವ ರಾತ್ರಿ ಅವನ ಪಾಲು.