ಸ್ಮಾರ್ಟ್ ಕಾಂಟ್ರಾಕ್ಟ್: ಮೊದಲು ಟೂಲ್ ಓಡಿಸಬೇಕೇ, ಕೋಡ್ ಓದಬೇಕೇ?

ಪರ: ಟೂಲ್ ಓಡಿಸದೆ ಮೊದಲ ಫೈಲನ್ನೂ ತೆರೆಯಬೇಡಿ
(ಮೂಡಿಗೆರೆಯ ಮನೆಯಿಂದಲೇ ಕೆಲಸ ಮಾಡುವ ಪ್ರೋಗ್ರಾಮರ್)

ಕಳೆದ ವರ್ಷ ಪುನರ್ವಸು ಮಳೆಗೆ ನಮ್ಮ ಕರೆಂಟ್ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕತ್ತಲು. ಜೀಪಿನ ಬ್ಯಾಟರಿಯಿಂದ ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು ನಾನು ಓದುತ್ತಿದ್ದದ್ದು ಬೇರೆ ಯಾರೋ ಬರೆದು ಅರ್ಧಕ್ಕೆ ಬಿಟ್ಟುಹೋದ ಸಾಲಿಡಿಟಿ ಯೋಜನೆ. ಸ್ಮಾರ್ಟ್ ಕಾಂಟ್ರಾಕ್ಟ್ ಎಂದರೆ ಬ್ಲಾಕ್‌ಚೈನ್ ಎಂಬ ಹಂಚಿಟ್ಟ ಲೆಕ್ಕಪುಸ್ತಕದ ಮೇಲೆ ತಾನಾಗಿ ನಡೆಯುವ ಪ್ರೋಗ್ರಾಂ; ಅದನ್ನು ಬರೆಯುವ ಭಾಷೆ ಸಾಲಿಡಿಟಿ. 41 ಫೈಲು. ಒಂದು ಫಂಕ್ಷನ್ ಹಿಡಿದು ಹೊರಟರೆ ಅದು ತಾಯಿ ಕಾಂಟ್ರಾಕ್ಟಿನದನ್ನು ಕರೆಯುತ್ತದೆ, ಅದು ಅಜ್ಜಿಯದನ್ನು. ಎರಡು ದಿನದಲ್ಲಿ ನೋಟ್‌ಬುಕ್ಕಿನ ಒಂಬತ್ತು ಪುಟ ಬಾಣದ ಗುರುತುಗಳಿಂದ ತುಂಬಿತು; ತಲೆಗೆ ಹತ್ತಿದ್ದು ಕಡಿಮೆ.

ಮೂರನೆಯ ದಿನ ಸ್ಲಿದರ್ ಓಡಿಸಿದೆ; ಕೋಡನ್ನು ತಾನೇ ಜಾಲಾಡಿ ದೋಷ ಹುಡುಕುವ ಟೂಲ್ ಅದು. ಮೊದಲೇ ಹಾಕಿಟ್ಟುಕೊಂಡಿದ್ದರೆ ಅದಕ್ಕೆ ಇಂಟರ್‌ನೆಟ್ಟೂ ಬೇಕಿಲ್ಲ. ಯಾವ ಫಂಕ್ಷನ್ ಯಾವ ವೇರಿಯಬಲ್ಲನ್ನು ತಿದ್ದುತ್ತದೆ, ಕರೆದವರು ಯಾರೆಂದು ಪರೀಕ್ಷಿಸುತ್ತದೆಯೇ ಎಂಬುದನ್ನು ಅದು ಕೋಷ್ಟಕ ಮಾಡಿ ಕೊಡುತ್ತದೆ. ಒಂದು ಸಾಲಿನಲ್ಲಿ ‘ಓನರ್’ ಎಂದಿತ್ತು. ಪಕ್ಕದ ಪರೀಕ್ಷೆಯ ಅಂಕಣದಲ್ಲಿ ಒಂದು ಜೊತೆ ಚೌಕ ಆವರಣ, ನಡುವೆ ಖಾಲಿ. ಅಂದರೆ ದಾರಿಹೋಕ ಯಾರು ಬೇಕಾದರೂ ಆ ಕಾಂಟ್ರಾಕ್ಟಿನ ಒಡೆಯನಾಗಬಹುದಿತ್ತು. ಆ ಫೈಲನ್ನು ನಾನು ಅದಾಗಲೇ ಎರಡು ಸಲ ಓದಿ ಮುಗಿಸಿದ್ದೆ!

ಇದು ನನ್ನೊಬ್ಬನ ಅಸಡ್ಡೆಯಲ್ಲ. ಇಂಥವು ಓಡುವ ಈಥೀರಿಯಂ ಬ್ಲಾಕ್‌ಚೈನಿನಲ್ಲಿ ಒಂದು ಕಾಂಟ್ರಾಕ್ಟ್ 24,576 ಬೈಟ್ ಮೀರಬಾರದೆಂದು 2016ರಲ್ಲಿ ಮಿತಿ ಹಾಕಲಾಯಿತು. ಆದ್ದರಿಂದ ದೊಡ್ಡ ಯೋಜನೆ ಹತ್ತಾರು ತುಂಡಾಗಲೇಬೇಕು. ತುಂಡುಗಳ ನಡುವಿನ ದಾರಿ ಬರಿಗಣ್ಣಿಗೆ ಸಿಗುವುದಿಲ್ಲ.

ಅದೇ ವರ್ಷದ ಜೂನ್ 17ರಂದು ‘ದಿ ಡಾವೋ’ ಎಂಬ ಹೂಡಿಕೆ ನಿಧಿಯ ಕಾಂಟ್ರಾಕ್ಟಿನಿಂದ ಸುಮಾರು 36 ಲಕ್ಷ ಈಥರ್ (ಈಥೀರಿಯಂನ ನಾಣ್ಯ) ಸೋರಿಹೋಯಿತು. ಸಹಕಾರ ಸಂಘದ ಕ್ಯಾಷಿಯರ್ ಪಾಸ್‌ಬುಕ್ಕಿನಲ್ಲಿ ಕಳೆಯುವ ಮೊದಲೇ ಹಣ ಎಣಿಸಿಕೊಟ್ಟರೆ, ಪಡೆದವನು ಅದೇ ಹಳೆಯ ಬಾಕಿ ತೋರಿಸಿ ಮತ್ತೆ ಕೈಚಾಚುತ್ತಾನೆ. ದೋಷ ಇಷ್ಟೇ. ಕೋಡ್ ಎಲ್ಲರ ಕಣ್ಣೆದುರಿಗೇ ಇತ್ತು. ಟ್ರೇಲ್ ಆಫ್ ಬಿಟ್ಸ್ ಸಂಸ್ಥೆ 2018ರಲ್ಲಿ ಮುಕ್ತವಾಗಿ ಬಿಟ್ಟ ಸ್ಲಿದರ್, ಇದೇ ಅಚ್ಚಿನ ದೋಷವನ್ನು ಸಾಲಿನ ಸಂಖ್ಯೆ ಸಮೇತ ಕೆಂಪಕ್ಷರದಲ್ಲಿ ತೋರಿಸುತ್ತದೆ.

ಟೂಲ್ ಬಂದರೆ ಹುಡುಗರು ಯೋಚಿಸುವುದನ್ನೇ ಬಿಡುತ್ತಾರಂತೆ. ಪ್ರಿಂಟ್ ತೆಗೆದು ಸಾಲು ಸಾಲಾಗಿ ಓದಿ ಎನ್ನುವವರು ಗಡುವಿಗೆ ಕಟ್ಟುಬಿದ್ದು ಓದಿದವರಲ್ಲ. ಒಂಬತ್ತು ಪುಟ ಬಾಣ ಬರೆಯುವುದನ್ನು ಯೋಚನೆ ಎಂದು ನಾನು ಒಪ್ಪುವುದಿಲ್ಲ. ಮೊದಲು ಟೂಲ್, ಆಮೇಲೆ ಓದು.

ವಿರೋಧ: ಟೂಲ್‌ಗೆ ವ್ಯವಹಾರ ಗೊತ್ತಿಲ್ಲ
(ಹಾಸನದ ಇಂಜಿನಿಯರಿಂಗ್ ಕಾಲೇಜೊಂದರ ಅಧ್ಯಾಪಕಿ)

ಈ ಪಕ್ಷ ವಹಿಸಿ ಬರೆಯಿರಿ ಎಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಟೂಲೇ ಬೇಡ ಎನ್ನಲಾರೆ, ನಮ್ಮ ಲ್ಯಾಬಿನಲ್ಲೂ ಹಾಕಿದ್ದೇವೆ. ನನ್ನ ತಕರಾರಿರುವುದು ‘ಮೊದಲು’ ಎಂಬ ಮಾತಿಗೆ.

2023ರ ಮಾರ್ಚ್‌ನಲ್ಲಿ ಯೂಲರ್ ಫೈನಾನ್ಸ್ ಎಂಬ, ಕಾಂಟ್ರಾಕ್ಟುಗಳ ಮೂಲಕ ಸಾಲ ಕೊಡುವ ವ್ಯವಸ್ಥೆಯಿಂದ ಸುಮಾರು 19.7 ಕೋಟಿ ಡಾಲರ್ ಹೋಯಿತು. ಅದರ ಕೋಡ್ ಹಲವು ಸಲ ಪರಿಶೋಧನೆಗೆ ಒಳಗಾಗಿತ್ತು. ಸಾಲಗಾರ ತನ್ನ ಠೇವಣಿಯನ್ನು ದಾನ ಕೊಟ್ಟ ಮೇಲೆ ಅವನ ಸಾಲಕ್ಕೆ ಆಧಾರ ಉಳಿದಿದೆಯೇ ಎಂದು ನೋಡುವ ಒಂದು ಪರೀಕ್ಷೆ ಬಿಟ್ಟುಹೋಗಿತ್ತು. ವ್ಯವಹಾರ ಬಲ್ಲವರಿಗಷ್ಟೇ ತಪ್ಪೆಂದು ಕಾಣುವ ತಪ್ಪು ಅದು.

ಅಷ್ಟು ದೂರ ಹೋಗುವುದೂ ಬೇಡ. ಕಾಫಿ ಬೋರ್ಡ್ 2019ರಲ್ಲಿ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆಯನ್ನು ಆರಂಭಿಸಿದ ಮೇಲೆ ನಮ್ಮ ಕಡೆಯ ಮಕ್ಕಳಿಗೆ ಪ್ರಾಜೆಕ್ಟ್ ಎಂದರೆ ಮೊದಲು ನೆನಪಾಗುವುದು ಕಾಫಿ. ಸಕಲೇಶಪುರದ ಕಡೆಯ ಹುಡುಗನೊಬ್ಬ ಚೆರಿ ಚೀಲಗಳ ಲೆಕ್ಕ ಇಡುವ ಕಾಂಟ್ರಾಕ್ಟ್ ಬರೆದು ತಂದ. ಟೂಲಿನ ವರದಿಯಲ್ಲಿ ಒಂದೂ ಕೆಂಪು ಸಾಲು ಇರಲಿಲ್ಲ. ಅವನ ಮುಖದಲ್ಲಿ ಗೆಲುವು.

‘ಚೀಲ ಮಾರಿದ ಮೇಲೆ ಓಟಿ ತಿದ್ದಲು ಆಗುತ್ತದೆಯೇನಪ್ಪಾ?’ ಎಂದೆ.

‘ಟೂಲ್ ಏನೂ ತೋರಿಸಿಲ್ಲ ಮೇಡಂ.’

ಓಟಿ ಎಂದರೆ 50 ಕಿಲೋ ಚೆರಿಯಿಂದ ಎಷ್ಟು ಕಿಲೋ ಬೀಜ ಸಿಗುತ್ತದೆ ಎಂಬ ಲೆಕ್ಕ; ದರ ನಿಂತಿರುವುದೇ ಅದರ ಮೇಲೆ. ಅವನೆದುರಿಗೇ ಮಾರಾಟವಾದ ಚೀಲದ 26ನ್ನು 28 ಎಂದು ಬರೆದು ಕಳಿಸಿದೆ. ಕಾಂಟ್ರಾಕ್ಟ್ ಒಪ್ಪಿಕೊಂಡಿತು. ಹುಡುಗ ಪರದೆಯನ್ನೇ ನೋಡುತ್ತಾ ನಿಂತ. ಅವನ ಮನೆಯವರು ಪ್ರತಿ ವರ್ಷ ಚೆರಿ ಮಾರುವವರು. ತಕ್ಕಡಿಯಿಂದ ಇಳಿದ ಚೀಲದ ಓಟಿಯನ್ನು ಯಾರೂ ಮುಟ್ಟುವಂತಿಲ್ಲ ಎಂಬುದು ನನಗಿಂತ ಅವನಿಗೇ ಚೆನ್ನಾಗಿ ಗೊತ್ತು. ಆದರೆ ತನಗೆ ಗೊತ್ತಿದ್ದನ್ನು ಕೋಡಿನಲ್ಲಿ ಹುಡುಕಿರಲಿಲ್ಲ, ಏಕೆಂದರೆ ವರದಿ ಆಗಲೇ ‘ಸರಿ’ ಎಂದಿತ್ತು.

ಅಂದು ಮಧ್ಯಾಹ್ನ ಆ 130 ಸಾಲುಗಳ ಪ್ರಿಂಟ್ ಕೊಟ್ಟು ಪೆನ್ಸಿಲ್ ಹಿಡಿಸಿ ಕೂರಿಸಿದೆ. ನಾಲ್ಕೂವರೆ ಬಸ್ಸನ್ನು ಬಿಟ್ಟು ಕೂತಿದ್ದ. ಸಂಜೆ ಬಂದು ಇನ್ನೂ ಎರಡು ಕಡೆ ಗುರುತು ಹಾಕಿದ ಹಾಳೆಯನ್ನು ಮೇಜಿನ ಮೇಲಿಟ್ಟ. ಎರಡೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.