ಉಪಚಾರವಿಲ್ಲದ ಊಟ

ಅಮೆರಿಕದ ದೊಡ್ಡ ಹೋಟೆಲುಗಳಲ್ಲಿ ನನಗೆ ನೆಮ್ಮದಿಯಾಗಿ ಉಣ್ಣಲು ಆಗುವುದಿಲ್ಲ. ತುತ್ತು ಬಾಯಿಗಿಟ್ಟ ಗಳಿಗೆಗೆ ಸರಿಯಾಗಿ ವೇಟರ್ ಬಂದು, ನಗುತ್ತಾ, ಎಲ್ಲಾ ಹೇಗಿದೆ ಅಂತ ಕೇಳುತ್ತಾನೆ. ಬಾಯಿ ತುಂಬಾ ಅನ್ನ ಇಟ್ಟುಕೊಂಡು ತಲೆ ಆಡಿಸಬೇಕು. ನಮ್ಮೂರ ನೆಂಟರ ಮನೆಯಲ್ಲೂ ಇದೇ ಪಾಡು ಬಿಡಿ, ಎಲೆ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಸಂದಿಯಲ್ಲೇ ಹೋಳಿಗೆ ಜಾರಿಸಿರುತ್ತಾರೆ. ಅದಕ್ಕೇ ನನಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಸ್ಟೋರಿ ರೋಡಿನ ವಿಯೆಟ್ನಾಮಿ ಹೋಟೆಲುಗಳು ಇಷ್ಟ. ಅಲ್ಲಿ ಯಾರಿಗೂ ನಿಮ್ಮ ಯೋಗಕ್ಷೇಮ ಬೇಕಿಲ್ಲ.

ಬಾಗಿಲು ತಳ್ಳಿದರೆ ಟ್ಯೂಬ್‌ಲೈಟು, ಗೋಡೆಯಲ್ಲಿ ಟಿವಿ, ಮೂಲೆಯ ಮೇಜಿನಲ್ಲಿ ಮನೆಯ ಮಗು ಹೋಮ್‌ವರ್ಕ್ ಮಾಡುತ್ತಾ ಕೂತಿರುತ್ತದೆ. ಎಷ್ಟು ಜನ ಅಂತ ಬೆರಳಲ್ಲೇ ಕೇಳುತ್ತಾರೆ, ನಾವೂ ಬೆರಳಲ್ಲೇ ಹೇಳಬೇಕು. ಕೂರುವಷ್ಟರಲ್ಲಿ ಟೀ ಬಂತು, ಅದಕ್ಕೆ ದುಡ್ಡಿಲ್ಲ. ಮೆನುವಿನಲ್ಲಿ ನೂರು ದಾಟಿದ ನಂಬರುಗಳು. ಹೆಸರು ಹೇಳಲು ಹೋಗಿ ನಾಲಿಗೆ ತಿರುಚಿಕೊಳ್ಳುವುದು ಬೇಡ, ನಂಬರ್ ಹೇಳಿದರೆ ಆಯಿತು. ಯೋಚನೆ ಮಾಡುತ್ತಾ ಕೂತರೆ ಮಾತ್ರ ಆಯಮ್ಮ ಪೆನ್ನು ಹಿಡಿದು ಪಕ್ಕದಲ್ಲೇ ನಿಂತುಬಿಡುತ್ತಾರೆ.

ಹೇಳಿ ಐದು ನಿಮಿಷದೊಳಗೆ ಫೋ, ಅಂದರೆ ವಿಯೆಟ್ನಾಮಿನ ಶಾವಿಗೆ ಸಾರಿನ ಬಟ್ಟಲು, ಮೇಜಿನ ಮೇಲಿರುತ್ತದೆ. ಬಟ್ಟಲು ಅಂದೆ, ಅಳತೆಯಲ್ಲಿ ಅದು ಸಣ್ಣ ಬೋಗುಣಿ. ಇಷ್ಟು ಬೇಗ ಹೇಗೆ ಅಂದರೆ, ಕೆಲಸವೆಲ್ಲ ನಾವು ಬರುವ ಮೊದಲೇ ಮುಗಿದಿರುತ್ತದೆ. ಮೂಳೆಗಳನ್ನು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕುದಿಸಿ, ಸುಟ್ಟ ಈರುಳ್ಳಿ, ಸುಟ್ಟ ಶುಂಠಿ ಹಾಕಿ ದೊಡ್ಡ ಹಂಡೆಯಲ್ಲಿ ಸಾರು ತಯಾರಾಗಿರುತ್ತದೆ. ಅಕ್ಕಿ ಶಾವಿಗೆಯನ್ನು ಬಿಸಿನೀರಿಗೆ ಅದ್ದಿ ಎತ್ತಿ, ಮೇಲೆ ತೆಳ್ಳಗೆ ಹೆಚ್ಚಿದ ಹಸಿ ಮಾಂಸ ಹರಡಿ, ಕುದಿಯುವ ಸಾರು ಸುರಿದರೆ ಮಾಂಸ ಅಲ್ಲೇ ಬೇಯುತ್ತದೆ. ಇಷ್ಟೆಲ್ಲಕ್ಕೂ 15 ಡಾಲರ್ ಆಸುಪಾಸು. ಈ ಊರಲ್ಲಿ ಅದು ಅಗ್ಗ.

ಜೊತೆಗೆ ಒಂದು ತಟ್ಟೆ ಬರುತ್ತದೆ, ನನ್ನ ಪಾಲಿಗೆ ಅದೇ ಊಟದ ಜೀವ. ಉದ್ದನೆಯ ಹೆಸರುಕಾಳಿನ ಮೊಳಕೆ, ನಿಂಬೆ ಹೋಳು, ಮೆಣಸಿನಕಾಯಿ ಬಿಲ್ಲೆ, ನೇರಳೆ ದಂಟಿನ ಥಾಯ್ ಬೇಸಿಲ್. ಬೇಸಿಲ್ ಅಂದರೆ ನಮ್ಮ ಕಾಮಕಸ್ತೂರಿಯ ಜಾತಿಯೇ. ಎಲೆ ಕಿತ್ತು, ಸಾರಿನಲ್ಲಿ ಮುಳುಗಿಸಿ, ನಿಂಬೆ ಹಿಂಡಿ, ರುಚಿ ನೋಡಿ, ಮತ್ತೆ ಹಿಂಡಿ... ಕೊನೆಯ ಒಗ್ಗರಣೆ ನಿಮ್ಮ ಕೈಯಲ್ಲೇ ಇರುವಾಗ ಅಡಿಗೆಯವನನ್ನು ಬೈಯೋ ಹಾಗೂ ಇಲ್ಲ. ಎಲ್ಲಾ ಕಡೆ ಹೀಗಿಲ್ಲ. ಫೋ ಹುಟ್ಟಿದ್ದು ಉತ್ತರ ವಿಯೆಟ್ನಾಮಿನಲ್ಲಿ, ಅಲ್ಲಿಯವರು ಈರುಳ್ಳಿ ಸೊಪ್ಪು ಉದುರಿಸಿ ಸುಮ್ನೆ ಸಾರಿನ ರುಚಿ ನೋಡು ಅನ್ನುವವರು. 1954ರಲ್ಲಿ ದೇಶ ಎರಡಾದಾಗ ಲಕ್ಷಾಂತರ ಜನ ದಕ್ಷಿಣಕ್ಕೆ ಬಂದರು, ಜೊತೆಗೆ ಫೋ ಕೂಡ ಬಂತು. ದಕ್ಷಿಣದ ರಾಜಧಾನಿ ಸೈಗಾನಿನವರು ಅದಕ್ಕೆ ಸೊಪ್ಪು, ಮೊಳಕೆ, ಸಿಹಿ ಸಾಸ್ ಎಲ್ಲಾ ಸೇರಿಸಿದರು. ಉತ್ತರದವರು ಇದನ್ನು ನೋಡಿ ಇವತ್ತಿಗೂ ಮೂಗು ಮುರಿಯುತ್ತಾರಂತೆ. ನಾನಂತೂ ದಕ್ಷಿಣದ ಪಕ್ಷ.

1975ರ ಏಪ್ರಿಲ್ 30ರಂದು ಸೈಗಾನ್ ಉತ್ತರದವರ ಕೈಗೆ ಬಿದ್ದ ಮೇಲೆ ಹೊರಟವರಲ್ಲಿ ಎಷ್ಟೋ ಜನ ಈ ಊರು ಸೇರಿದರು. ಈಗ ವಿಯೆಟ್ನಾಮಿನ ಹೊರಗೆ ಇನ್ಯಾವ ನಗರದಲ್ಲೂ ಇಷ್ಟು ವಿಯೆಟ್ನಾಮಿಗಳಿಲ್ಲ, ಒಂದು ಲಕ್ಷಕ್ಕೂ ಜಾಸ್ತಿ. ಅಮೆರಿಕದ ಫೋ ಹೋಟೆಲುಗಳ ಬೋರ್ಡಿನಲ್ಲಿ 54, 75 ಅಂತ ಕಂಡರೆ ಅದು ಕಟ್ಟಡದ ನಂಬರ್ ಅಂದುಕೊಳ್ಳಬೇಡಿ. ಹೆಚ್ಚಿನವು ಇಸವಿಗಳು. ಮೇಜಿನ ಮೇಲಿನ ಹುಂಜದ ಚಿತ್ರದ ಕೆಂಪು ಸಾಸ್ ಬಾಟಲಿಗೂ ಇಂಥದ್ದೇ ಕಥೆ. ಅದನ್ನು 1980ರಲ್ಲಿ ಲಾಸ್ ಏಂಜಲೀಸಿನಲ್ಲಿ ಶುರು ಮಾಡಿದ ಡೇವಿಡ್ ಟ್ರಾನ್, ತನ್ನನ್ನು ದೇಶದಾಚೆ ದಾಟಿಸಿದ ಹಡಗಿನ ಹೆಸರನ್ನೇ ಕಂಪನಿಗೆ ಇಟ್ಟರು. ಹುಂಜ ಯಾಕೆ? ವರ್ಷಕ್ಕೊಂದು ಪ್ರಾಣಿಯ ಹೆಸರಿಡುವ ಅವರ ಪಂಚಾಂಗದಲ್ಲಿ ಅವರು ಹುಟ್ಟಿದ್ದು ಹುಂಜದ ವರ್ಷದಲ್ಲಿ.

ಅಮ್ಮ ಊರಿಂದ ಬಂದಾಗ ಕರೆದುಕೊಂಡು ಹೋಗಿದ್ದೆ. ಸಸ್ಯಾಹಾರಿ, ಅದರಲ್ಲೂ ಮೂಗು ಬಲು ಚುರುಕು. ಮೀನಿನ ಸಾಸ್ ಬಾಟಲಿಯನ್ನು ಪಕ್ಕದ ಮೇಜಿಗೆ ಸಾಗಿಸಿಯೇ ಕೂರಿಸಿದೆ. ಮೆನುವಿನ ಕೊನೆಯ ಪುಟದಲ್ಲಿ ಅಣಬೆ, ತೋಫು, ಮೂಲಂಗಿಯ ಫೋ ಇತ್ತು. ಬಟ್ಟಲು ಬಂದದ್ದೇ ಬಗ್ಗಿ ಮೂಸಿ, "ಏನೋ ಇದು, ಪಲಾವ್ ವಾಸನೆ ಬರ್ತಿದೆಯಲ್ಲೋ!" ಅಂದರು. ಬರದೆ ಏನು, ಚಕ್ರಮೊಗ್ಗು, ಚಕ್ಕೆ, ಲವಂಗ, ಕೊತ್ತಂಬರಿ ಬೀಜ ಎಲ್ಲಾ ಬಿದ್ದಿರುತ್ತದೆ. ಅಲ್ಲಿನ ಬೌದ್ಧರಲ್ಲಿ ತುಂಬಾ ಜನ ಅಮಾವಾಸ್ಯೆ, ಹುಣ್ಣಿಮೆಗೆ ಮಾಂಸ ಮುಟ್ಟುವುದಿಲ್ಲ ಅಂತ ನಾನು ಹೇಳಿದ ಮೇಲಂತೂ ಅಮ್ಮನಿಗೆ ಪೂರ್ತಿ ಸಮಾಧಾನ. ಚಾಪ್‌ಸ್ಟಿಕ್ ಪಕ್ಕಕ್ಕಿಟ್ಟು, ಫೋರ್ಕಿನಲ್ಲಿ ಶಾವಿಗೆ ಸುತ್ತಿಕೊಂಡು ಅರ್ಧ ಬಟ್ಟಲು ಮುಗಿಸಿದರು.

ಕಾಫಿ ವಿಷಯದಲ್ಲಿ ಮಾತ್ರ ಅಮ್ಮ ರಾಜಿಯಾಗಲಿಲ್ಲ. ಲೋಟದ ತಳದಲ್ಲಿ ಒಂದು ಬೆರಳು ಕಂಡೆನ್ಸ್ಡ್ ಮಿಲ್ಕ್, ಮೇಲೆ ಪುಟ್ಟ ಲೋಹದ ಫಿಲ್ಟರು, ಅದರಿಂದ ಕಪ್ಪು ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುವುದನ್ನು ಮೆಚ್ಚಿಕೊಂಡೇ ನೋಡುತ್ತಿದ್ದರು. ಅಮೆರಿಕಕ್ಕೆ ಬಂದ ವಿಯೆಟ್ನಾಮಿಗಳು ಎಷ್ಟೋ ಜನ ಇದಕ್ಕೆ ನ್ಯೂ ಆರ್ಲಿಯನ್ಸಿನ ಹಳದಿ ಡಬ್ಬದ ಕಾಫಿಪುಡಿ ಬಳಸುತ್ತಾರೆ, ಅದರಲ್ಲಿ ಚಿಕೋರಿ ಬೆರೆತಿರುತ್ತದೆ. ಅಂದರೆ ಫಿಲ್ಟರ್, ಡಿಕಾಕ್ಷನ್, ಚಿಕೋರಿ, ಎಲ್ಲವೂ ನಮ್ಮದೇ. ಕೊನೆಗೆ ಅದಕ್ಕೆ ಐಸ್ ಸುರಿದರು ನೋಡಿ, ಅಮ್ಮ ಮುಖ ತಿರುಗಿಸಿಬಿಟ್ಟರು. ಇಡೀ ಲೋಟ ನಾನೇ ಕುಡಿದೆ, ಆ ರಾತ್ರಿ ನಿದ್ದೆ ಬರಲಿಲ್ಲ.

ಬಿಲ್ ಮೇಜಿಗೆ ಬರುತ್ತದೆ ಅಂತ ಕಾಯುತ್ತಾ ಕೂರಬೇಡಿ, ಅದಕ್ಕೂ ಉಪಚಾರವಿಲ್ಲ. ಎದ್ದು ಕೌಂಟರಿಗೆ ಹೋಗಿ ಕೂತಿದ್ದ ಮೇಜು ತೋರಿಸಿದರೆ ಲೆಕ್ಕ ಹೇಳುತ್ತಾರೆ. ಕೆಲವು ಕಡೆ ಕಾರ್ಡ್ ನಡೆಯುವುದಿಲ್ಲ, ಜೇಬಲ್ಲಿ ನೋಟು ಇಟ್ಟುಕೊಂಡೇ ಹೋಗಿ.